ಎಳೆದರೂ ಬಿಡುವ ಕೊಕ್ಕೆ

ಮುಂಬಯಿಯ ರೇ ರೋಡ್ ನಿಲ್ದಾಣದ ಪೂರ್ವಕ್ಕಿರುವ ದಾರುಖಾನಾ ಎಂಬ ಪ್ರದೇಶದಲ್ಲಿ ಒಡೆದ ಹಡಗುಗಳ ಅವಶೇಷಗಳೆಲ್ಲ ಮಾರಾಟಕ್ಕಿರುತ್ತವೆ. ಸರಪಳಿ, ಲಂಗರು, ಹಿತ್ತಾಳೆಯ ದೀಪ, ತೋಳಿನ ಗಾತ್ರದ ಹಗ್ಗ, ಯಾವುದೋ ದೇಶದ ಅಡುಗೆಮನೆಯ ಪಾತ್ರೆ, ಇವೆಲ್ಲ ಒಂದರ ಮೇಲೊಂದು ಬಿದ್ದಿರುವ ಆ ಗಲ್ಲಿಗಳಲ್ಲಿ ವಿಚಿತ್ರವಾದುದನ್ನು ಕಂಡು ಬೆರಗಾಗುವ ಅಭ್ಯಾಸ ಯಾರಿಗೂ ಉಳಿದಿಲ್ಲ. ಆದರೂ ಒಂದು ಮಧ್ಯಾಹ್ನ, ತಾಡಪತ್ರಿ ಹೊಲಿಯುವ ಮಳಿಗೆಯೊಂದರ ಮುಂದೆ ಜನ ಗುಂಪುಗೂಡಿದ್ದರು. ಎಪ್ಪತ್ತು ದಾಟಿದ ವೃದ್ಧರೊಬ್ಬರು ಸೊಂಟಕ್ಕೆ ದಪ್ಪ ಪಟ್ಟಿಗಳ ಕವಚವೊಂದನ್ನು ಬಿಗಿದುಕೊಂಡು, ಅದರ ಮುಂಭಾಗದ ಕೊಕ್ಕೆಯನ್ನು ಛಾವಣಿಯ ಕಬ್ಬಿಣದ ತೊಲೆಯಿಂದ ಇಳಿಬಿಟ್ಟ ತಂತಿಗೆ ಸಿಕ್ಕಿಸಿ, ನೆಲದಿಂದ ಒಂದು ಮೊಳ ಮೇಲೆ ತೂಗಾಡುತ್ತಿದ್ದರು. ಕೈಯಲ್ಲೊಂದು ಕೆಂಪು ದಾರದ ತುದಿ. ಅದನ್ನು ಎಳೆಯುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಕೊನೆಗೆ ಎರಡು ಕೈಯಿಂದಲೂ ಎಳೆದಾಗ ಏನೋ ಟಕ್ಕೆಂದು ಕಳಚಿ, ಕೆಳಗೆ ಹಾಸಿದ್ದ ತಾಡಪತ್ರಿಯ ರಾಶಿಯ ಮೇಲೆ ಕುಸಿದರು. ಗುಂಪು ಚಪ್ಪಾಳೆ ತಟ್ಟಿತು. ಅವರು ಎದ್ದು, ಕನ್ನಡಕವನ್ನು ಹುಡುಕಿ ಹಾಕಿಕೊಂಡು, ಬಹಳ ಬೇಸರದಿಂದ, "ಇದಾಗೂದಿಲ್ಲ" ಎಂದರು.

ಹೊನ್ನಾವರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು ಅವರು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಇರುಳು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಆ ಪೀಳಿಗೆಯ ಕಥೆ ಈ ಸಂಪುಟದ ಓದುಗರಿಗೆ ಹೊಸದಲ್ಲ. ಎಸ್.ಎಸ್.ಸಿ. ಮುಗಿದ ಮೇಲೆ ಹೋಟೆಲು ಬಿಟ್ಟು ತಾಡಪತ್ರಿ ಮಳಿಗೆಗೆ ಸೇರಿದರು. ಐವತ್ತರ ಆಸುಪಾಸಿನಲ್ಲಿ, ಮಳಿಗೆ ತಮ್ಮದೇ ಆದ ನಂತರ, ಕಲೀನಾದ ವಿದ್ಯಾನಗರಿಗೆ ಬಂದು ತಮ್ಮ ಮಗಳ ವಯಸ್ಸಿನವರ ನಡುವೆ ಕುಳಿತು ಕನ್ನಡ ಎಂ.ಎ. ಮಾಡಿದರು. ಛಂದಸ್ಸಿನ ತರಗತಿಯಲ್ಲಿ ಮಾತ್ರೆ ಎಣಿಸುವಾಗ ಅವರ ಬೆರಳು ಹೊಲಿಗೆ ಎಣಿಸುವಂತೆ ಚಲಿಸುತ್ತಿತ್ತೆಂದು ಸಹಪಾಠಿಗಳು ಇಂದಿಗೂ ನೆನೆಯುತ್ತಾರೆ. ಪದವಿ ಪಡೆದುದರಿಂದ ಅವರ ವೃತ್ತಿಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಲಾರಿಯ ಹೊದಿಕೆ, ದೋಣಿಯ ಮೇಲ್ಗಾಪು, ಸರಕು ಎತ್ತುವ ಪಟ್ಟಿ, ಇವುಗಳನ್ನು ಹೊಲಿಯುತ್ತಲೇ ಅವರು ಮುದುಕರಾದರು. ತಾವು ಹೊಲಿದ ಪಟ್ಟಿ ಕಿತ್ತುಬಂದ ಒಂದು ಪ್ರಸಂಗವೂ ಇಲ್ಲವೆಂಬುದು ಅವರ ಹೆಮ್ಮೆ. ಕಿತ್ತುಬರಲೇಬೇಕಾದ ಒಂದು ವಸ್ತುವನ್ನು ಮಾಡಬೇಕಾದ ಸಂದರ್ಭ ಬಂದಾಗ ಆ ಹೆಮ್ಮೆಯೇ ಅವರಿಗೆ ಎದುರಾಯಿತು.

ಅವರ ಮಗಳ ಮಗಳಿಗೆ ಹದಿನಾರು ವರ್ಷ. ಕೊಲಾಬಾದ ಸಮುದ್ರದಲ್ಲಿ ಹಾಯಿದೋಣಿ ಕಲಿಯುತ್ತಿದ್ದಾಳೆ. ಈಕೆ ನಡೆಸುವ ದೋಣಿಯ ವರ್ಗಕ್ಕೆ '420' ಎಂದೇ ಹೆಸರು. 4.20 ಮೀಟರು ಉದ್ದವಿರುವುದರಿಂದ ಬಂದ ಹೆಸರಾದರೂ, ದಂಡಸಂಹಿತೆಯ ಹಳೆಯ ಕಲಮನ್ನು ಬಲ್ಲ ನಮ್ಮ ದೇಶದಲ್ಲಿ ಅದನ್ನು ಗಂಭೀರವಾಗಿ ಉಚ್ಚರಿಸುವುದು ಕಷ್ಟ. ಅದರಲ್ಲಿ ಇಬ್ಬರು. ಒಬ್ಬರು ಚುಕ್ಕಾಣಿ ಹಿಡಿದು ಕೂರುತ್ತಾರೆ. ಇನ್ನೊಬ್ಬರು ಮುಂದಿನ ಸಣ್ಣ ಹಾಯಿಯನ್ನು ನೋಡಿಕೊಳ್ಳುತ್ತ, ಗಾಳಿ ಬಲಿತಾಗ ದೋಣಿಯ ಹೊರಗೇ ಹೋಗಿ ನಿಲ್ಲುತ್ತಾರೆ. ಈ 'ಹೊರಗೆ ನಿಲ್ಲುವುದು' ಎಂಬುದನ್ನು ಸ್ವಲ್ಪ ವಿವರಿಸಬೇಕು. ಗಾಳಿ ಹಾಯಿಯನ್ನು ಒಂದು ಬದಿಗೆ ತಳ್ಳಿ ದೋಣಿಯನ್ನು ಮಗುಚಲು ನೋಡುತ್ತದೆ. ಅದಕ್ಕೆ ಎದುರಾಗಿ ಇನ್ನೊಂದು ಬದಿಗೆ ಮನುಷ್ಯರ ಭಾರ ಬೀಳಬೇಕು. ದೋಣಿಯ ಅಗಲ 1.63 ಮೀಟರು, ಅಂಚಿನ ಮೇಲೆ ಕುಳಿತರೆ ದೇಹದ ಭಾರ ನಡುಗೆರೆಯಿಂದ ಎಂಟು ಹತ್ತಾಂಶ ಮೀಟರಿನಷ್ಟು ದೂರದಲ್ಲಿರುತ್ತದೆ. ಅದೇ ಅಂಚಿನ ಮೇಲೆ ಪಾದವೂರಿ, ಹಾಯಿಕಂಬದ ಮೇಲ್ಭಾಗದಿಂದ ಬಂದ ತಂತಿಗೆ ಸೊಂಟವನ್ನು ಸಿಕ್ಕಿಸಿ, ನೀರಿನ ಮೇಲೆ ಮಲಗಿದಂತೆ ಚಾಚಿ ನಿಂತರೆ ಆ ದೂರ ಸುಮಾರು ಇನ್ನೊಂದು ಮೀಟರು ಹೆಚ್ಚುತ್ತದೆ. ಐವತ್ತೈದು ಕಿಲೋ ತೂಕದ ಹುಡುಗಿಯ ಬಲ ಆಗ ಎರಡು ಹುಡುಗಿಯರ ಬಲಕ್ಕಿಂತ ಮಿಗಿಲಾಗುತ್ತದೆ.

ಈ ವ್ಯವಸ್ಥೆಗೆ ಟ್ರಪೀಜ್ ಎನ್ನುತ್ತಾರೆ. ಸರ್ಕಸ್ಸಿನ ತೂಗುಪಟ್ಟಿಯಿಂದ ಬಂದ ಹೆಸರು. ಗ್ರೀಕರಲ್ಲಿ ಅದರ ಮೂಲ 'ಪುಟ್ಟ ಮೇಜು' ಎಂಬರ್ಥದ ಶಬ್ದವಂತೆ. ನಾಲ್ಕು ಕಾಲುಗಳ ಮೇಲೆ ನಿಶ್ಚಲವಾಗಿ ನಿಲ್ಲುವ ವಸ್ತುವಿನ ಹೆಸರು ಒಂದೇ ತಂತಿಯಲ್ಲಿ ಜೋತಾಡುವುದಕ್ಕೆ ಬಂದು ಸೇರಿದ ಬಗೆಯನ್ನು ಅರ್ಥಪಲ್ಲಟದ ಪಾಠಕ್ಕೆ ಉದಾಹರಣೆಯಾಗಿ ಕೊಡಬಹುದು. ಇಂಗ್ಲೆಂಡಿನ ಫಾಲ್ಮತ್‌ನಲ್ಲಿ 1938ರಲ್ಲಿ ನಡೆದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಸ್ಪರ್ಧೆಯಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಎಂಬಿಬ್ಬರು 'ಥಂಡರ್ ಅಂಡ್ ಲೈಟ್ನಿಂಗ್' ಎಂಬ ದೋಣಿಯಲ್ಲಿ ಹೀಗೆ ತಂತಿಗೆ ಜೋತು ನಿಂತು ಗೆದ್ದರು. ಆ ದೋಣಿವರ್ಗದವರು ಗಾಬರಿಗೊಂಡು ಉಪಾಯವನ್ನೇ ನಿಷೇಧಿಸಿಬಿಟ್ಟರು. ಈ ಸ್ಕಾಟ್ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಮಡಿದ ಕ್ಯಾಪ್ಟನ್ ಸ್ಕಾಟನ ಮಗ. ಮುಂದೆ 1946ರಲ್ಲಿ ಸ್ಲಿಂಬ್ರಿಜ್‌ನಲ್ಲಿ ನೀರುಹಕ್ಕಿಗಳ ಆಶ್ರಯವನ್ನು ಕಟ್ಟಿದ ನಿಸರ್ಗಪ್ರೇಮಿ. ನಿಷೇಧ ಬಹುಕಾಲ ಎಲ್ಲೆಡೆ ನಿಲ್ಲಲಿಲ್ಲ. 1960ರ ಒಲಿಂಪಿಕ್ಸ್‌ಗೆ ಬಂದ ಫ್ಲೈಯಿಂಗ್ ಡಚ್‌ಮನ್ ದೋಣಿಯಲ್ಲಿ ಟ್ರಪೀಜ್ ಇತ್ತು. 1972ರಲ್ಲಿ ಭಾರತದ ಸೋಲಿ ಕಾಂಟ್ರಾಕ್ಟರ್ ಮತ್ತು ಎ.ಎ. ಬಾಸಿತ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಅದೇ ವರ್ಗದಲ್ಲಿ. 49ಇಆರ್ ಎಂಬ ದೋಣಿಯಲ್ಲಂತೂ ಇಬ್ಬರೂ ತಂತಿಗೆ ಜೋತಿರುತ್ತಾರೆ; 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದನ್ನು ನಡೆಸಿದ ಭಾರತೀಯ ಜೋಡಿಯಲ್ಲಿ ಒಬ್ಬರು ಚೆನ್ನೈಯ ಕೇಲಪಂಡ ಚೆಂಗಪ್ಪ ಗಣಪತಿ, ಕೊಡವ ಮನೆತನದ ಹೆಸರನ್ನು ಹೊತ್ತವರು. ಅದೇ ದೋಣಿಯ ಮಹಿಳಾ ರೂಪದಲ್ಲಿ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಬೆಳ್ಳಿ ಪದಕವನ್ನು ವರ್ಷಾ ಗೌತಮ್ ಮತ್ತು ಶ್ವೇತಾ ಶೆರ್ವೇಗಾರ್ ತಂದರು. ಈ ಎರಡನೆಯ ಹೆಸರನ್ನು ಪತ್ರಿಕೆಯಲ್ಲಿ ಓದಿದ ದಿನ ಅಜ್ಜ, "ನಮ್ಮ ಕರಾವಳಿ ಕಡೆಯ ಹೆಸರು ನೋಡು" ಎಂದು ಆಗ ಇನ್ನೂ ಸಣ್ಣವಳಾಗಿದ್ದ ಮೊಮ್ಮಗಳಿಗೆ ತೋರಿಸಿದ್ದರು. ಅವಳು ದೋಣಿ ಹತ್ತಿದ್ದಕ್ಕೆ ಅದೇ ಕಾರಣವೆಂದು ಅವಳ ತಾಯಿ ಇಂದಿಗೂ ದೂರುತ್ತಾಳೆ.

ಆ ದೂರು ಗಂಭೀರವಾದದ್ದು ಒಂದು ಫೆಬ್ರವರಿ ತಿಂಗಳ ಸಂಜೆ. ವಾಯವ್ಯದ ಗಾಳಿ ಬಲವಾಗಿತ್ತು. ಹುಡುಗಿ ತಂತಿಯಲ್ಲಿದ್ದಳು. ಗಾಳಿ ಒಮ್ಮೆಲೇ ತೆರವಾಯಿತು. ಎದುರೊತ್ತುವ ಶಕ್ತಿ ಇಲ್ಲವಾದುದರಿಂದ ದೋಣಿ ಅವಳ ಬದಿಗೇ ಉರುಳಿ, ಹಾಯಿಕಂಬ ಕೆಳಗಾಗಿ ಪೂರ್ತಿ ಮಗುಚಿತು. ಇದು ದಿನನಿತ್ಯದ ಮಾತು. ಈ ಮಕ್ಕಳು ಮೊದಲು ಕಲಿಯುವುದೇ ಮಗುಚಿದ ದೋಣಿಯನ್ನು ಎತ್ತಿ ನಿಲ್ಲಿಸುವುದನ್ನು. ಆದರೆ ಈ ಬಾರಿ ಅವಳ ತಲೆ ಮೇಲೆ ಬರಲಿಲ್ಲ. ತಂತಿಯ ಬಳೆ ಕೊಕ್ಕೆಯಿಂದ ಕಳಚಿತ್ತು, ನಿಜ. ಆದರೆ ಬರಿದಾದ ಕೊಕ್ಕೆಗೆ ನೀರಿನಡಿಯಲ್ಲಿ ಸಡಿಲಾಗಿ ತೇಲುತ್ತಿದ್ದ ಬೇರೊಂದು ಹಗ್ಗ ಸಿಕ್ಕಿಕೊಂಡಿತ್ತು. ಮುಂಬಯಿ ಬಂದರಿನ ನೀರಿನಲ್ಲಿ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಅವಳು ಮೇಲಕ್ಕೆ ಈಜಿದಳು, ಹಗ್ಗ ಬಿಗಿಯಿತು. ಇನ್ನೂ ಬಲವಾಗಿ ಒದ್ದಳು, ಇನ್ನೂ ಬಿಗಿಯಿತು. ಲೈಫ್ ಜಾಕೆಟ್ಟೂ ಮೇಲಕ್ಕೇ ಎಳೆಯುತ್ತಿದ್ದುದರಿಂದ ಅದೂ ಹಗ್ಗದ ಪಕ್ಷ ವಹಿಸಿದಂತಾಯಿತು. ಹೇಗೋ ಹಗ್ಗ ಜಾರಿತು. ಹೇಗೆಂದು ಅವಳಿಗೇ ಗೊತ್ತಿಲ್ಲ.

ಮನೆಯಲ್ಲಿ ಅವಳು ತಾಯಿಗೆ ಏನೂ ಹೇಳಲಿಲ್ಲ. ಮರುದಿನ ಮಳಿಗೆಗೆ ಬಂದು ಅಜ್ಜನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಹಳ ಹೊತ್ತಿನ ನಂತರ ಹೇಳಿದಳು. "ಅಜ್ಜಾ, ಎಳೆದಷ್ಟೂ ಅದು ಬಿಗೀತಿತ್ತು." ಯಂತ್ರ ನಿಂತಿತು. ಅವರು ಅವಳನ್ನು ನೋಡದೆ, ಸೂಜಿಯ ಕಡೆಯೇ ನೋಡುತ್ತ, "ಹಾರ್ನೆಸ್ಸು ತಕ್ಕಂಬಾ" ಎಂದರು.

ಎಳೆದಷ್ಟೂ ಬಿಗಿಯುವ ಕುಣಿಕೆಯ ಪರಿಚಯ ಅವರಿಗೆ ಹೊಸದಾಗಿರಲಿಲ್ಲ. ಶರಾವತಿ ಸಮುದ್ರ ಸೇರುವಲ್ಲಿ ಬೀಸುಬಲೆ ಹಾಕುವವರು ಬಲೆಯ ಹಗ್ಗದ ತುದಿಯಲ್ಲೊಂದು ಜಾರುಕುಣಿಕೆ ಮಾಡಿ ಅದನ್ನು ಎಡಗೈಯ ಮಣಿಕಟ್ಟಿಗೆ ತೊಡುತ್ತಾರೆ. ಬೀಸಿದ ಬಲೆ ಕೈತಪ್ಪಿ ಹೋಗದಿರಲೆಂದು ಆ ಏರ್ಪಾಡು. ಅವರು ಮುಂಬಯಿಗೆ ಬಂದ ವರ್ಷದ ಮಳೆಗಾಲದ ಹಿಂದಿನ ತಿಂಗಳು ಅವರ ಅಣ್ಣ ಇಳಿತದ ಹೊತ್ತಿನಲ್ಲಿ ಬಲೆ ಬೀಸಲು ಹೋದವನು ಹಿಂದಿರುಗಲಿಲ್ಲ. ಬಲೆ ಯಾವುದೋ ಮುಳುಗಿದ ಮರದ ದಿಮ್ಮಿಗೆ ಸಿಕ್ಕಿತ್ತು. ನೀರಿನ ಸೆಳೆತ ಅವನನ್ನು ಒಂದು ಕಡೆಗೂ ಬಲೆ ಇನ್ನೊಂದು ಕಡೆಗೂ ಎಳೆದಿತ್ತು. ಮಣಿಕಟ್ಟಿನ ಕುಣಿಕೆಯನ್ನು ಕೊಯ್ದೇ ತೆಗೆಯಬೇಕಾಯಿತು. ಮನೆಯ ದುಡಿಯುವ ಕೈ ಹೋದುದರಿಂದಲೇ ಹದಿನಾಲ್ಕರ ತಮ್ಮ ಮುಂಬಯಿಯ ಬಸ್ಸು ಹತ್ತಿದ್ದು. ಮಗಳಿಗೂ ಮೊಮ್ಮಗಳಿಗೂ ಅವರು ಈ ಸಂಗತಿಯನ್ನು ಹೇಳಿದವರಲ್ಲ. ಆ ದಿನವೂ ಹೇಳಲಿಲ್ಲ.

ಹಾರ್ನೆಸ್ಸನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಅದರ ಹೊಲಿಗೆಯಲ್ಲಿ ಕುಂದೇನೂ ಕಾಣಲಿಲ್ಲ. ಬೆನ್ನಿಗೂ ಪೃಷ್ಠಕ್ಕೂ ಆಧಾರವಾಗುವ ದಪ್ಪ ಬಟ್ಟೆ, ತೊಡೆಯ ಸುತ್ತ ಬರುವ ಪಟ್ಟಿ, ಹೆಗಲ ಪಟ್ಟಿ, ಮತ್ತು ಹೊಟ್ಟೆಯ ಮುಂದೆ ಎರಡು ಕಡೆಯ ಪಟ್ಟಿಗಳನ್ನು ಜೋಡಿಸುವ ಒಂದು ಗೇಣುದ್ದದ ಉಕ್ಕಿನ ಅಡ್ಡಸರಳು. ಸರಳಿನ ನಡುವೆ ಕೊಕ್ಕೆ. ಕೊಕ್ಕೆಯ ಬಾಯಿ ಕೆಳಮುಖವಾಗಿರುತ್ತದೆ. ತಂತಿ ಮೇಲಕ್ಕೆ ಎಳೆಯುವುದರಿಂದ ಬಳೆ ಕೊಕ್ಕೆಯ ಬಾಗಿನಲ್ಲಿ ಭದ್ರವಾಗಿ ಕೂರುತ್ತದೆ. ಒಳಗೆ ಬರಬೇಕಾದಾಗ ಮಂಡಿ ಮಡಿಸಿ ಅಂಚಿನ ಮೇಲೆ ಕುಳಿತರೆ ತಂತಿ ಸಡಿಲಾಗಿ ಬಳೆ ತಾನಾಗಿಯೇ ಉದುರುತ್ತದೆ. ಬುದ್ಧಿವಂತಿಕೆಯ ಏರ್ಪಾಡು, ಆದರೆ ಅದರ ಬುದ್ಧಿಯೆಲ್ಲ ಸಡಿಲಿನಲ್ಲಿದೆ. ಎಳೆತವಿರುವಷ್ಟು ಕಾಲ ಅದು ಬಿಡುವುದಿಲ್ಲ. ಬಿಡಿಸಿಕೊಳ್ಳಬೇಕಾದರೆ ತನ್ನನ್ನು ಹಿಡಿದಿರುವುದರ ಹತ್ತಿರಕ್ಕೇ ಹೋಗಬೇಕು. ದಡದ ಮೇಲೆ ಇದನ್ನು ಯಾರಾದರೂ ಹೇಳಿಯಾರು. ಉಸಿರಿಲ್ಲದೆ, ಕತ್ತಲಲ್ಲಿ, ಮೇಲೆ ಬೆಳಕಿದೆ ಎಂದು ದೇಹ ಕೂಗುತ್ತಿರುವಾಗ ಕೆಳಕ್ಕೆ ಹೋಗಬೇಕೆಂದು ಹದಿನಾರರ ಹುಡುಗಿಗೆ ಹೊಳೆಯಬೇಕೆನ್ನುವುದು ಅನ್ಯಾಯ.

ಅವರ ಯೋಚನೆ ಕೊಟ್ಟಿಗೆಯ ಕಡೆಗೆ ಹೋಯಿತು. ದನವನ್ನು ಗೂಟಕ್ಕೆ ಕಟ್ಟುವ ಗಂಟು ದನ ಎಳೆದರೆ ಬಿಗಿಯುತ್ತದೆ. ಕಟ್ಟಿದವನು ಇನ್ನೊಂದು ತುದಿ ಎಳೆದರೆ ಒಂದೇ ಕ್ಷಣದಲ್ಲಿ ಬಿಚ್ಚುತ್ತದೆ. ಉಳುವಾಗ ಎತ್ತು ಮುಗ್ಗರಿಸಿ ಬಿದ್ದರೆ ಉಳುವವನು ಮೊದಲು ಕೈ ಹಾಕುವುದು ಕೊರಳಿನ ಜತ್ತಿಗೆಗೆ; ನೊಗದಿಂದ ಕೊರಳು ಬೇರೆಯಾಗದೆ ಎತ್ತು ಏಳಲಾರದು. ಹಿಡಿಯುವ ತುದಿ ಬೇರೆ, ಬಿಡುವ ತುದಿ ಬೇರೆ ಎಂಬ ವಿವೇಕ ಇವೆರಡರಲ್ಲಿಯೂ ಇದೆ. ಬೀಸುಬಲೆಯ ಕುಣಿಕೆಯಲ್ಲಿ ಅದಿಲ್ಲ. ಕುಣಿಕೆ ಬಿಗಿಯುವುದಕ್ಕೂ ಹಗ್ಗ ಜಾರಬೇಕು, ಗಂಟು ಬಿಚ್ಚುವುದಕ್ಕೂ ಹಗ್ಗ ಜಾರಬೇಕು. ಯಾವ ಕಡೆಗೆ ಜಾರುತ್ತದೆಂಬುದೇ ಪ್ರಶ್ನೆ. ಹುಡುಗಿಯ ಹಾರ್ನೆಸ್ಸಿಗೆ ಬೇಕಾದುದು ಎರಡನೆಯ ತುದಿ.

ಮೊದಲ ಪ್ರಯತ್ನ ಸರಳವಾಗಿತ್ತು. ಅಡ್ಡಸರಳಿನ ಬಲಬದಿಯ ಪಟ್ಟಿಯನ್ನು ಬಿಚ್ಚಿ, ನಡುವೆ ದಾರುಖಾನಾದಲ್ಲಿ ದೊರೆತ ಒಂದು ಸ್ನ್ಯಾಪ್ ಶ್ಯಾಕಲನ್ನು ಸೇರಿಸಿ ಹೊಲಿದರು. ಅದರ ಸಣ್ಣ ಗೂಟವನ್ನು ಎಳೆದರೆ ಬಾಯಿ ತೆರೆಯುತ್ತದೆ. ಗೂಟಕ್ಕೆ ಕೆಂಪು ದಾರ ಕಟ್ಟಿದರು. ಮೇಜಿನ ಮೇಲೆ ಬೆರಳ ತುದಿಯಿಂದ ಎಳೆದರೂ ತೆರೆಯುತ್ತಿತ್ತು. ತೊಲೆಗೆ ತೂಗಿಹಾಕಿಕೊಂಡು ಪರೀಕ್ಷಿಸಿದಾಗ ನಡೆದುದನ್ನು ಆರಂಭದಲ್ಲಿಯೇ ಹೇಳಿದೆ. ಭಾರ ಹೆಚ್ಚಿದಂತೆ ಗೂಟದ ಮೇಲಿನ ಒತ್ತಡ ಹೆಚ್ಚಿ ಅದು ಕಚ್ಚಿಕೊಳ್ಳುತ್ತದೆ. ಭಾರವಿಲ್ಲದಾಗ ಸುಲಭವಾಗಿ ಬಿಡುವ ಸಾಧನ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ, ಅದರಿಂದ ಉಪಯೋಗವೇನು? ಎಣ್ಣೆ ಹಾಕಿ, ಗೂಟವನ್ನು ನುಣುಪಾಗಿ ಉಜ್ಜಿ, ಎಳೆತ ಒಂದೇ ಕೈಗೆ ನಿಲುಕುವಷ್ಟಕ್ಕೆ ತಂದರು. ಆಗ ಎದುರಾದುದು ಅದರ ಮಗ್ಗುಲಿನ ದೋಷ. ಒಂದು ಮಧ್ಯಾಹ್ನ ತಂತಿಯಲ್ಲಿದ್ದ ಹುಡುಗಿಯ ಕೈಯಲ್ಲಿದ್ದ ಹಾಯಿಯ ಹಗ್ಗವೇ ಆ ಕೆಂಪು ದಾರಕ್ಕೆ ಸುತ್ತಿಕೊಂಡಿತು. ಯಾರೂ ಕೇಳದೆಯೇ ಶ್ಯಾಕಲ್ ತೆರೆಯಿತು. ಅವಳು ಬೆನ್ನಡಿಯಾಗಿ ನೀರಿಗೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ಆ ವಾರವೆಲ್ಲ ಅವಳು ಪೂರ್ತಿ ಚಾಚಿ ನಿಲ್ಲದೆ, ಒಂದು ಕೈಯಲ್ಲಿ ತಂತಿಯನ್ನು ಹಿಡಿದೇ ನಿಂತಳೆಂದು ಅವಳ ಜೊತೆಗಾತಿ ಹೇಳಿದಳು. ಬಿಡಬೇಕಾದಾಗ ಬಿಡದ ಕೊಕ್ಕೆಯ ಮೇಲೆ ಹೋದ ನಂಬಿಕೆಗಿಂತ, ಬಿಡಬಾರದಾಗ ಬಿಟ್ಟ ಕೊಕ್ಕೆಯ ಮೇಲೆ ಹೋದ ನಂಬಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಎರಡನೆಯ ಪ್ರಯತ್ನದ ಹಿಂದೆ ನಿವೃತ್ತ ಸೈನಿಕರೊಬ್ಬರ ಸ್ನೇಹವಿತ್ತು. ಪ್ಯಾರಾಚೂಟಿನಲ್ಲಿ, ಮುಖ್ಯ ಛತ್ರಿ ಸಿಕ್ಕಾದರೆ ಅದನ್ನು ಕಳಚಿ ಎಸೆಯಲು ಬಳಸುವ ಮೂರು ಬಳೆಗಳ ಉಪಾಯವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಬಿಲ್ ಬೂತ್ ಎಂಬ ಅಮೆರಿಕನ್ 1970ರ ದಶಕದಲ್ಲಿ ಕಂಡುಹಿಡಿದದ್ದು. ದೊಡ್ಡ ಬಳೆಯ ಮೂಲಕ ನಡುವಣ ಬಳೆಯನ್ನೂ, ಅದರ ಮೂಲಕ ಸಣ್ಣ ಬಳೆಯನ್ನೂ ಹಾಯಿಸಿ ಮಡಿಸುತ್ತಾರೆ. ಸಣ್ಣ ಬಳೆಯನ್ನು ಒಂದು ದಾರದ ಕುಣಿಕೆ ಹಿಡಿದಿರುತ್ತದೆ. ಆ ಕುಣಿಕೆಯನ್ನು ಒಂದು ತೆಳ್ಳನೆಯ ಸರಿಗೆ ತಡೆದಿರುತ್ತದೆ. ಪ್ರತಿಯೊಂದು ಬಳೆಯೂ ಒಂದು ಸನ್ನೆಗೋಲಿನಂತೆ ವರ್ತಿಸಿ ಭಾರವನ್ನು ಕಡಿಮೆಮಾಡುತ್ತ ಹೋಗುವುದರಿಂದ, ಮನುಷ್ಯನ ಪೂರ್ಣ ತೂಕ ಜೋತಿದ್ದರೂ ಸರಿಗೆಯ ಮೇಲೆ ಅದರ ಒಂದು ಸಣ್ಣ ಅಂಶ ಮಾತ್ರ ಬೀಳುತ್ತದೆ. ಸರಿಗೆ ಎಳೆದರೆ ಕುಣಿಕೆ ಜಾರಿ, ಬಳೆಗಳು ಒಂದರ ಹಿಂದೊಂದು ಮಗುಚಿ ಬಿಡುತ್ತವೆ. ಅಜ್ಜ ಆ ಚಿತ್ರವನ್ನು ಬಹಳ ಹೊತ್ತು ನೋಡಿದರಂತೆ. ಷಟ್ಪದಿಯ ಮೂರನೆಯ ಸಾಲಿನವರೆಗೆ ಹಿಡಿದಿಟ್ಟ ಉಸಿರು ಕೊನೆಯ ಗುರುವಿನಲ್ಲಿ ಬಿಡುಗಡೆಯಾಗುವಂತೆ ಇದೆ ಎಂದು ಅವರು ಹೇಳಿದ್ದನ್ನು ಸೈನಿಕ ಮಿತ್ರರು ಅರ್ಥಮಾಡಿಕೊಂಡಿರಲಾರರು.

ಇದನ್ನು ಹೊಲಿಯಲು ಮೂರು ವಾರ ಹಿಡಿಯಿತು. ಬಳೆಗಳ ಅಂತರ ಎರಡು ಮಿಲಿಮೀಟರು ತಪ್ಪಿದರೂ ಸನ್ನೆಯ ಲಾಭ ಕೆಡುತ್ತದೆ. ಕೆಟ್ಟಿರುವುದು ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಸಲ ಬಿಚ್ಚಿ ಹೊಲಿದರು. ಐದನೆಯದು ತೊಲೆಯ ಮೇಲೆ ಅದ್ಭುತವಾಗಿ ಕೆಲಸ ಮಾಡಿತು. ಉಪ್ಪುನೀರಿನ ಬಕೆಟ್ಟಿನಲ್ಲಿ ಎರಡು ದಿನ ನೆನೆಹಾಕಿ ಮತ್ತೆ ತೂಗಿಕೊಂಡರು. ಆಗಲೂ ಎರಡು ಬೆರಳಿನ ಎಳೆತಕ್ಕೆ ಬಿಟ್ಟಿತು. ಗಲ್ಲಿಯಲ್ಲಿ ಈ ಬಾರಿ ಚಪ್ಪಾಳೆಯಿಲ್ಲ, ಜನಕ್ಕೆ ಅಭ್ಯಾಸವಾಗಿತ್ತು. ಹುಡುಗಿ ಮಾತ್ರ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಕೇಳಿದಳು: "ಅಜ್ಜಾ, ಬಲಗಡೆ ಬಿಟ್ಟಿತು. ಎಡಗಡೆ?"

ಅವರು ತಾಡಪತ್ರಿಯ ಮೇಲೆ ಕುಳಿತಲ್ಲಿಂದಲೇ ಮೇಲೆ ನೋಡಿದರು. ತಂತಿಯ ಬಳೆ ಇನ್ನೂ ಕೊಕ್ಕೆಯಲ್ಲಿತ್ತು. ಕೊಕ್ಕೆ ಸರಳಿನಲ್ಲಿತ್ತು. ಸರಳಿನ ಬಲತುದಿ ಕಳಚಿ ಓಲಾಡುತ್ತಿತ್ತು. ಎಡತುದಿ ಅವರ ಸೊಂಟಕ್ಕೆ ಯಥಾಪ್ರಕಾರ ಅಂಟಿಕೊಂಡಿತ್ತು. ನೆಲ ಹತ್ತಿರವಿದ್ದುದರಿಂದ ಕೆಳಗೆ ಬಂದಿದ್ದರೇ ಹೊರತು ಅವರು ಬಿಡುಗಡೆಯಾಗಿರಲಿಲ್ಲ. ನೀರಿನಡಿಯಲ್ಲಿ ಕೊಕ್ಕೆಗೆ ಹಗ್ಗ ಸಿಕ್ಕಿದ್ದರೆ ಹುಡುಗಿಗೆ ದೊರೆಯುತ್ತಿದ್ದುದು ಒಂದು ಗೇಣು ಹೆಚ್ಚಿನ ಹಗ್ಗ, ಅಷ್ಟೆ. ತಿಂಗಳುಗಟ್ಟಲೆ ಅವರು ಪಟ್ಟಿಯನ್ನು ಬಿಡಿಸುವ ಉಪಾಯ ಹುಡುಕುತ್ತಿದ್ದರು. ಬಿಟ್ಟುಹೋಗಬೇಕಾದುದು ಪಟ್ಟಿಯಲ್ಲ, ಕೊಕ್ಕೆ. ದೇಹದಿಂದ ಕೊಕ್ಕೆ ಪೂರ್ತಿಯಾಗಿ ಬೇರೆಯಾಗಿ, ಯಾವ ಹಗ್ಗ ಅದನ್ನು ಹಿಡಿದಿದೆಯೋ ಆ ಹಗ್ಗದ ಬಳಿಯೇ ಉಳಿದುಹೋಗಬೇಕು. ಹೊಲಿಗೆಯವರಾದುದರಿಂದ ಅವರು ಹೊಲಿಗೆಯಿದ್ದಲ್ಲಿ ಉತ್ತರ ಹುಡುಕಿದ್ದರು.

ಪರದೇಶಗಳಲ್ಲಿ ಈ ಅರಿವು ಬರಲು ಪ್ರಾಣಗಳೇ ಹೋಗಬೇಕಾಯಿತು. 2011ರಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಗುಚಿದ ದೋಣಿಯಡಿ ಹಾರ್ನೆಸ್ಸು ಸಿಕ್ಕಿಕೊಂಡು ಹದಿಹರೆಯದ ಹುಡುಗಿಯೊಬ್ಬಳು ಅಸುನೀಗಿದಳು. ಆ ವೇಳೆಗಾಗಲೇ, 2009ರಲ್ಲಿ, ತ್ವರಿತವಾಗಿ ಕಳಚುವ ಟ್ರಪೀಜ್ ಹಾರ್ನೆಸ್ಸಿಗೆಂದೇ ಐ.ಎಸ್.ಒ. 10862 ಎಂಬ ಅಂತರರಾಷ್ಟ್ರೀಯ ಮಾನಕ ಸಿದ್ಧವಾಗಿತ್ತು. ಮಾನಕ ಕಾಗದದ ಮೇಲೆ ಬಂದುದಕ್ಕೂ ಸ್ಪರ್ಧೆಯ ನಿಯಮವಾದುದಕ್ಕೂ ನಡುವೆ ಹದಿನಾಲ್ಕು ವರ್ಷ ಕಳೆದವು. 2023ರ ಜನವರಿ 1ರಿಂದ, ಆಯಾ ದೋಣಿವರ್ಗದ ನಿಯಮ ಬೇರೆ ಹೇಳದಿದ್ದಲ್ಲಿ, ಸ್ಪರ್ಧಿಗಳು ಆ ಮಾನಕಕ್ಕೆ ಒಪ್ಪುವ ಹಾರ್ನೆಸ್ಸನ್ನೇ ತೊಡಬೇಕೆಂದು ವಿಶ್ವ ಹಾಯಿದೋಣಿ ಸಂಸ್ಥೆ ವಿಧಿಸಿತು. ಹಳೆಯದು ಹರಿಯುವವರೆಗೆ ಹೊಸದನ್ನು ಕೊಳ್ಳದ ನಮ್ಮ ಮನೆಗಳಲ್ಲಿ ಅಭ್ಯಾಸದ ದಿನಗಳಿಗೆ ಯಾರ ನಿಯಮವೂ ಅನ್ವಯಿಸುವುದಿಲ್ಲ. ಹುಡುಗಿ ತೊಟ್ಟಿದ್ದುದು ಇನ್ನೊಬ್ಬರು ತೊಟ್ಟು ಬಿಟ್ಟಿದ್ದ ಹಾರ್ನೆಸ್ಸು.

ಇಷ್ಟರಲ್ಲಿ ತಾಯಿಗೆ ವಿಷಯ ತಿಳಿದುಹೋಗಿತ್ತು. ಅವಳು ಮಳಿಗೆಗೆ ಬಂದು, ತೊಲೆಯಿಂದ ನೇತಾಡುತ್ತಿದ್ದ ತಂತಿಯನ್ನೊಮ್ಮೆ, ತಂದೆಯ ಮೊಣಕೈಯ ಬಾವನ್ನೊಮ್ಮೆ ನೋಡಿದಳು. "ಅಪ್ಪಾ, ನೀನು ಹೇಳಿದರೆ ಅವಳು ಕೇಳ್ತಾಳೆ. ಬೇಡ ಅಂತ ಹೇಳು." ಆಗ ಅವರು ಅಣ್ಣನ ಕಥೆಯನ್ನು ಹೇಳಿದರು. ಹೇಳಿ ಮುಗಿಸಿದ ಮೇಲೆ, ತಮ್ಮ ತಾಯಿ ಆ ವರ್ಷ ಮನೆಯಲ್ಲಿದ್ದ ಬಲೆಗಳನ್ನೆಲ್ಲ ಸುಟ್ಟುಹಾಕಿದಳೆಂದೂ, ತಾನು ಅಂದಿನಿಂದ ಈವರೆಗೆ ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿದಿಲ್ಲವೆಂದೂ, ಅದರಿಂದ ಅಣ್ಣನಿಗಾಗಲಿ ತನಗಾಗಲಿ ಏನು ಒಳಿತಾಯಿತೋ ತಿಳಿಯದೆಂದೂ ಹೇಳಿದರು. ಮಗಳು ಒಪ್ಪಿದಳೆಂದು ಹೇಳಲಾಗದು. ಎದ್ದು ಹೋಗುವಾಗ, "ಹೊಸದಕ್ಕೆ ಎಷ್ಟಾಗ್ತದೆ?" ಎಂದು ಕೇಳಿದಳು.

ಹೊಸದು ಹೊರದೇಶದಿಂದ ಬಂತು. ಅದರಲ್ಲಿ ಕೊಕ್ಕೆ ಅಡ್ಡಸರಳಿಗೆ ಬೆಸೆದಿರಲಿಲ್ಲ. ಒಂದು ತಟ್ಟೆಯ ಮೇಲೆ ಬೇರೆಯಾಗಿಯೇ ಕೂತಿದ್ದು, ಹಿಡಿಯನ್ನೆಳೆದರೆ ಭಾರವಿದ್ದಾಗಲೂ ಇಡಿಯಾಗಿ ಕಳಚಿಹೋಗುತ್ತಿತ್ತು. ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಲೋಹದ ಕೆಲಸವನ್ನು ಮೆಚ್ಚಿ, ಹೊಲಿಗೆಯಲ್ಲಿ ಎರಡು ಕಡೆ ತಮ್ಮ ಮನಸ್ಸಿಗೆ ಬಾರದುದನ್ನು ಕಂಡು, ಆದರೂ ಒಂದು ದಾರವನ್ನೂ ಮುಟ್ಟಲಿಲ್ಲ. ಪರೀಕ್ಷೆಗೊಳಗಾಗಿ ಮುದ್ರೆ ಪಡೆದ ವಸ್ತುವಿನಲ್ಲಿ ಒಂದು ಹೊಲಿಗೆ ಹೆಚ್ಚು ಕಡಿಮೆಯಾದರೆ ಆ ಮುದ್ರೆಗೆ ಅರ್ಥವಿಲ್ಲ. ಆ ಪರೀಕ್ಷೆಯನ್ನು ತಮ್ಮ ತೊಲೆ ಮಾಡಲಾರದು. ಐವತ್ತು ವರ್ಷ ಸೂಜಿ ಹಿಡಿದವರಿಗೆ ಇದು ಸಾಮಾನ್ಯ ಸಂಯಮವಲ್ಲ. ಮೂರು ಬಳೆಗಳ ತಮ್ಮ ಕವಚವನ್ನು, ಯಾರೂ ತಪ್ಪಿಯೂ ತೊಡದಿರಲೆಂದು, ಕತ್ತರಿಯಿಂದ ಎರಡು ತುಂಡು ಮಾಡಿದರು.

ಸೂಜಿಗೆ ಉಳಿದ ಕೆಲಸ ಹಾರ್ನೆಸ್ಸಿನ ಹೊರಗೆ. ಮೇಲಿನಿಂದ ತೊಡಲು ಬಿಗಿಯಾದ ತೆಳು ಅಂಗಿಯೊಂದನ್ನು ಅಳತೆಗೆ ಹೊಲಿದರು. ಹೆಗಲ ಪಟ್ಟಿ, ಬಕ್ಕಲು, ಜೋಲುವ ತುದಿಗಳೆಲ್ಲ ಅದರಡಿ ಅಡಗಿ, ಹೊರಗೆ ಕೊಕ್ಕೆ ಮತ್ತು ಬಿಡುಗಡೆಯ ಹಿಡಿ ಮಾತ್ರ ಉಳಿಯುವಂತೆ. ಜೋತುಬೀಳುವ ಪ್ರತಿಯೊಂದು ತುದಿಯೂ ಇನ್ನೊಂದು ಹಗ್ಗಕ್ಕೆ ಕೊಡುವ ಆಹ್ವಾನವೆಂಬುದನ್ನು ಅವರು ಅಷ್ಟರಲ್ಲಿ ಕಲಿತಿದ್ದರು. ಲೈಫ್ ಜಾಕೆಟ್ಟಿನ ಎದೆಯ ಬಳಿ, ಎಡಗೈಗೂ ಬಲಗೈಗೂ ಎಟಕುವಲ್ಲಿ, ಮೊನೆಯಿಲ್ಲದ ಹಗ್ಗಗತ್ತಿಗೊಂದು ಗೂಡು. ಪ್ರತಿ ಸಲ ಬಳಸಿದ ಮೇಲೆ ಸಿಹಿನೀರಿನಲ್ಲಿ ಕೊಕ್ಕೆಯನ್ನು ತೊಳೆದು, ತಿಂಗಳಿಗೊಮ್ಮೆ ಭಾರ ಹಾಕಿ ಬಿಡಿಸಿ ನೋಡಬೇಕೆಂದು ಒಂದು ಚೀಟಿ ಬರೆದು ಚೀಲಕ್ಕೆ ಹೊಲಿದರು. ಕನ್ನಡದಲ್ಲಿ. ಹುಡುಗಿ ಕನ್ನಡ ಓದುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಅದನ್ನಂತೂ ಓದಿದಳು.

ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಹಿಡಿ ಇರುವುದು ಬೇರೆ, ಕೈ ಅಲ್ಲಿಗೆ ಹೋಗುವುದು ಬೇರೆ. ತೊಲೆಯ ಕೆಳಗೆ ಅವಳಿಗೆ ಕಣ್ಣುಕಟ್ಟಿ ತೂಗಿಸಿ, ಬಲಗೈಯಿಂದ ಹತ್ತು ಸಲ, ಎಡಗೈಯಿಂದ ಹತ್ತು ಸಲ ಬಿಡಿಸಿಕೊಳ್ಳುವಂತೆ ಹೇಳಿದರು. ತಲೆಕೆಳಗಾಗಿಸಿ ಮತ್ತೆ ಹತ್ತು ಸಲ. ಹೊಸ ಅಕ್ಷರ ತಿದ್ದಿಸಿದಂತೆ ಇದು ವಾರಗಟ್ಟಲೆ ನಡೆಯಿತು. ಕೈ ಮನಸ್ಸನ್ನು ಕೇಳದೆ ಹಿಡಿಯ ಬಳಿಗೆ ಹೋಗುವವರೆಗೆ ಅವರು ನಿಲ್ಲಿಸಲಿಲ್ಲ.

ಅಕ್ಟೋಬರಿನಲ್ಲಿ ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಮೊದಲ ಭಾನುವಾರ ಅಜ್ಜನೂ ಬಂದರು. ತರಬೇತುದಾರರ ರಕ್ಷಣಾ ದೋಣಿಯಲ್ಲಿ ಕುಳಿತರು. ಅದನ್ನು ಹತ್ತುವಾಗ ಮೊಣಕಾಲಿನ ಮೇಲಿನವರೆಗೆ ನೆನೆದರು. ದಡದ ಹತ್ತಿರ, ಗಾಳಿಯಿಲ್ಲದ ಹೊತ್ತಿನಲ್ಲಿ, ಪಕ್ಕದಲ್ಲೇ ಇಬ್ಬರು ಈಜುಗಾರರನ್ನು ನಿಲ್ಲಿಸಿಕೊಂಡು, ಹುಡುಗಿ ಬೇಕೆಂದೇ ದೋಣಿಯನ್ನು ಮಗುಚಿದಳು. ಕೊಕ್ಕೆಯನ್ನು ಮೊದಲೇ ಒಂದು ಹಗ್ಗಕ್ಕೆ ಸಿಕ್ಕಿಸಿಕೊಂಡಿದ್ದಳು. ದೋಣಿಯ ಬಿಳಿಯ ಒಡಲು ಮೇಲಾಗಿ, ಅವಳು ಕಾಣದಾದಳು. ಅಜ್ಜ ಎಣಿಸತೊಡಗಿದರು. ಗಟ್ಟಿಯಾಗಿಯೇ, ಕನ್ನಡದಲ್ಲಿ. ನಾಲ್ಕು ಎನ್ನುವಷ್ಟರಲ್ಲಿ ದೋಣಿಯ ಆಚೆ ಬದಿಯಿಂದ ತಲೆ ಮೇಲೆ ಬಂತು. ಅವಳು ಮುಖದ ನೀರೊರಸಿಕೊಂಡು ಸೊಂಟವನ್ನು ಮುಟ್ಟಿ ನೋಡಿದಳು. ಅಲ್ಲಿ ತಟ್ಟೆ ಮಾತ್ರ ಇತ್ತು.

"ಕೊಕ್ಕೆ ಎಲ್ಲಿ?" ಎಂದು ಅಜ್ಜ ಕೇಳಿದರು.

"ಅಲ್ಲೇ ಇದೆ, ಹಗ್ಗದಲ್ಲಿ. ತರ್ತೇನೆ" ಎಂದು ಅವಳು ಮತ್ತೆ ಮುಳುಗಿದಳು.